ಹನ್ನೆರಡು ಗುರುತಿನ ಪಟ್ಟಿ

೧೯೫೭ರಲ್ಲಿ ನಾನು ಸಾಲಿ ಬಿಟ್ಟೆ. ಎಂಟನೇ ಇಯತ್ತೆ, ಪರೀಕ್ಷೆಗೆ ಎರಡು ತಿಂಗಳು ಇದ್ದಾಗ. ದಡ್ಡನಾಗಿ ಬಿಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗಣಿತದಲ್ಲಿ ವರ್ಗಕ್ಕೆ ನಾನೇ ಮೊದಲು. ಅಪ್ಪ ಹುಬ್ಬಳ್ಳಿಯ ಒಂದು ಅರಳೆ ಪ್ರೆಸ್ಸಿನಲ್ಲಿ ಹತ್ತಿಯ ಗಂಟು ಕಟ್ಟುತ್ತಿದ್ದ. ಸಂಕ್ರಮಣ ಕಳೆದು ವಾರ ಆಗಿತ್ತು, ಅವನ ಬಲಗೈ ಯಂತ್ರಕ್ಕೆ ಸಿಕ್ಕಿತು. ಮೂರು ಬೆರಳು ಹೋದವು. ಉಳಿದ ಎರಡು ಇದ್ದೂ ಇಲ್ಲದಂತಾದವು.

ದಿನಾ ಬೆಳಿಗ್ಗೆ ಅಪ್ಪನನ್ನು ಪಟ್ಟಿ ಕಟ್ಟಿಸಲು ದವಾಖಾನೆಗೆ ಕರೆದುಕೊಂಡು ಹೋಗುವುದು ನನ್ನ ಪಾಳಿ. ಅಲ್ಲಿ ಬಿಳಿ ಕೋಟು ಹಾಕಿದ ಒಬ್ಬ ಕಂಪೌಂಡರ್ ಇದ್ದ. ಮೊದಲ ದಿನ ಅವನು ಸ್ಟೂಲು ಎಳೆದು, "ಕೂಡ್ರಿ ಕಾಕಾ," ಎಂದ. ಅಪ್ಪ ನಿಂತೇ ಇದ್ದ. ತನಗೆ ಹೇಳಿದ್ದು ಅಂತ ಅವನಿಗೆ ತಿಳಿಯಲಿಲ್ಲ. ಆಮೇಲೆ ಆ ಮನುಷ್ಯ ಅಪ್ಪನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಬಟ್ಟೆ ಬಿಚ್ಚಿದ. ನಮ್ಮ ಓಣಿಯ ಹೊರಗಿನವರು ಯಾರೂ ಅಪ್ಪನ ಕೈ ಹಾಗೆ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಆಗ ನಮ್ಮ ಮನೆಯಲ್ಲಿ ಜಗಲಿಯ ದೇವರನ್ನು ತೆಗೆದು ಬುದ್ಧನ ಚಿತ್ರ ಇಟ್ಟು ಕೆಲವೇ ತಿಂಗಳಾಗಿತ್ತು. ಚಿತ್ರ ಬದಲಾಗಿತ್ತು, ಓಣಿ ಅದೇ ಇತ್ತು.

ಮನೆಗೆ ಬರುವಾಗ ಅಪ್ಪ ಅಂದ, "ಈ ಕೆಲಸ ಛಲೋ ಐತಿ ನೋಡು. ನೆಳ್ಳಾಗ ಕುಂತು ಮಾಡೂದು."

ನಾನು ನೆರಳಿಗೆ ಆಸೆಪಟ್ಟವನಲ್ಲ. ಆ ಬಿಳಿ ಕೋಟಿಗೆ ಆಸೆಪಟ್ಟೆ.

ದುರ್ಗದಬೈಲಿನಲ್ಲಿ ಒಂದು ಬಳೆ ಅಂಗಡಿಯ ಅಟ್ಟದ ಮೇಲೆ ಕಂಪೌಂಡರ್ ಕ್ಲಾಸು ನಡೆಯುತ್ತಿತ್ತು. ಮಿಲಿಟರಿಯಲ್ಲಿ ಔಷಧ ಕೂಡಿಸಿ ಪೆನ್ಶನ್ ಬಂದ ಒಬ್ಬ ಮಾಸ್ತರರು ನಡೆಸುತ್ತಿದ್ದರು. ಅವರು ಯಾರ ಜಾತಿಯನ್ನೂ ಕೇಳುತ್ತಿರಲಿಲ್ಲ, ಉಗುರು ನೋಡುತ್ತಿದ್ದರು. ಉಗುರಲ್ಲಿ ಮಣ್ಣಿದ್ದರೆ ಮೆಟ್ಟಿಲಿನಿಂದಲೇ ವಾಪಸು. ಫೀ ಕೊಡಲು ನನ್ನ ಕೈಲಾಗುತ್ತಿರಲಿಲ್ಲ. "ಹಂಗಾರ ಕಸಾ ಹೊಡಿ, ನೀರು ತುಂಬು, ಗಾಜು ತೊಳಿ," ಅಂದರು. ಒಂದೂವರೆ ವರ್ಷ ಹೊಡೆದೆ, ತುಂಬಿದೆ, ತೊಳೆದೆ. ಪುಕ್ಕಟೆ ಕಲಿತೆ ಎಂದು ನನಗೆ ಯಾರೂ ಅನ್ನುವ ಹಾಗಿಲ್ಲ.

ನಾವು ಒಂಬತ್ತು ಜನ ಇದ್ದೆವು. ಖಲಬತ್ತಿನಲ್ಲಿ ಔಷಧ ಅರೆಯುವುದು, ತಕ್ಕಡಿಯಲ್ಲಿ ಪುಡಿ ತೂಗಿ ಕಾಗದದಲ್ಲಿ ಮಡಿಸುವುದು, ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದುವುದು, ಬದನೆಕಾಯಿಗೆ ಸೂಜಿ ಚುಚ್ಚುವುದು. ಎಲ್ಲಕ್ಕಿಂತ ಹೆಚ್ಚಾಗಿ ಮಾಸ್ತರರು ಮನಸ್ಸು ಹಚ್ಚಿ ಕಲಿಸಿದ್ದು ಪಟ್ಟಿ ಕತ್ತರಿಸುವುದನ್ನು. ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಆಗ ಗುಳಿಗೆ ಕಡಿಮೆ, ಬಾಟಲಿಯ ಔಷಧವೇ ಹೆಚ್ಚು. ರೋಗಿಗಳು ಮನೆಯಿಂದಲೇ ಖಾಲಿ ಬಾಟಲಿ ತರುತ್ತಿದ್ದರು. ಔಷಧ ತುಂಬಿ, ಉದ್ದನೆಯ ಕಾಗದದ ಪಟ್ಟಿಯನ್ನು ಮಡಿಸಿ ಅಂಚಿನಲ್ಲಿ ಕತ್ತರಿ ಆಡಿಸಿದರೆ ಬಿಚ್ಚಿದಾಗ ಸಮನಾದ ಹಲ್ಲು ಮೂಡುತ್ತಿದ್ದವು. ಅದನ್ನು ಮೈದಾ ಅಂಟಿನಿಂದ ಬಾಟಲಿಗೆ ಹಚ್ಚಬೇಕು. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿನವರೆಗೆ ಒಂದು ಹೊತ್ತಿನ ಔಷಧ. ಓದುಬರಹ ಬರದವರಿಗೂ ತಿಳಿಯುತ್ತಿತ್ತು.

"ಮಂದಿ ಡಾಕ್ಟರನ್ನ ನಂಬಂಗಿಲ್ಲೋ, ಈ ಪಟ್ಟಿ ನಂಬತಾರ," ಎನ್ನುತ್ತಿದ್ದರು ಮಾಸ್ತರರು. ನನ್ನಷ್ಟು ಲಗೂ, ನನ್ನಷ್ಟು ಸಮ ಕತ್ತರಿಸುವವನು ಆ ಅಟ್ಟದ ಮೇಲೆ ಇನ್ನೊಬ್ಬನಿರಲಿಲ್ಲ.

ಇನ್ನೊಂದು ಮಾತನ್ನೂ ಮಾಸ್ತರರು ಮುಚ್ಚುಮರೆ ಇಲ್ಲದೆ ಹೇಳಿದ್ದರು. "ನಾ ಕೊಡೂ ಕಾಗದಾ ತಗೊಂಡು ಯಾವ ದವಾಖಾನಿಗೆ ಹೋದ್ರೂ ಗೇಟಿನಾಗ ನಿಲ್ಲಸ್ತಾರ. ಯಾರರೇ ಖರೇ ಡಾಕ್ಟರ ಕೈಯಾಗ ಎರಡು ವರ್ಷ ಔಷಧ ಕೂಡಸ್ರಿ. ಅವರ ಕಡಿಂದ ಪತ್ರ ಬರಸಗೋರಿ. ಆ ಪತ್ರ ಇದ್ರ ನೀವು ಕಂಪೌಂಡರ್. ಇಲ್ಲಾಂದ್ರ ಬಾಟ್ಲಿ ತೊಳ್ಯಾವ್ರು."

ಪತ್ರ. ಮುಂದಿನ ಎರಡು ವರ್ಷ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಧಾರವಾಡದ ಮಾಳಮಡ್ಡಿಯಲ್ಲಿ ಒಬ್ಬ ಡಾಕ್ಟರು ನನ್ನನ್ನು ಇಟ್ಟುಕೊಂಡರು. ಮುಂಜಾನೆ ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಧಾರವಾಡ ಸ್ಟೇಷನ್ನಿನಲ್ಲಿ ಇಳಿದು, ನಡೆದು ಹೋಗಿ ಬಾಗಿಲು ತೆಗೆಯುತ್ತಿದ್ದೆ. ಡಾಕ್ಟರು ಒಳ್ಳೆಯವರೇ. ನನ್ನ ಹೆಸರು, ನನ್ನ ಓಣಿ ಕೇಳಿ, "ಹಲಗಿ ಹಿಂದ ಕೂತು ಕೆಲಸ ಮಾಡು. ಕಿಟಕ್ಯಾಗ ಬಾಟ್ಲಿ ಇಸಗೋ, ಕಿಟಕ್ಯಾಗ ಕೊಡು. ಹೆಚ್ಚಿಗಿ ಮಾತು ಬ್ಯಾಡ," ಅಂದರು. ಹಲಗೆಯ ಅಡ್ಡಗೋಡೆಯಲ್ಲಿ ಒಂದು ಸಣ್ಣ ಕಿಟಕಿ. ಹೊರಗಿನವರಿಗೆ ಕಾಣುತ್ತಿದ್ದುದು ನನ್ನ ಮೊಣಕೈಯಿಂದ ಮುಂದಿನ ಭಾಗ ಅಷ್ಟೇ.

ಆದರೂ ಸುದ್ದಿ ನಿಲ್ಲುತ್ತದೆಯೇ? ಆರು ತಿಂಗಳಲ್ಲಿ ಕೆಲವರು, "ನೀರಿನ ಔಷಧ ಬ್ಯಾಡ್ರಿ ಡಾಕ್ಟರ, ಪುಡಿ ಕೊಡ್ರಿ, ಮನಿ ನೀರಾಗ ಕೂಡಿಸಿಕೋತೇವಿ," ಎನ್ನತೊಡಗಿದರು. ಪುಡಿಗೆ ಮೈಲಿಗೆ ಇಲ್ಲವಂತೆ. ಡಾಕ್ಟರು ಪುಡಿ ಬರೆದುಕೊಟ್ಟರು, ನಾನು ಕಟ್ಟಿಕೊಟ್ಟೆ. ಗೋಡೆಯ ಮೊಳೆಗೆ ನನಗೆಂದು ಒಂದು ಬೇರೆ ಚಹಾ ಕಪ್ಪು ನೇತುಹಾಕಿದ್ದರು. ಎರಡು ವರ್ಷದಲ್ಲಿ ಒಂದು ಸಲವೂ ಅದನ್ನು ಮುಟ್ಟಲಿಲ್ಲ. ಚಹಾ ಬಿಟ್ಟೇಬಿಟ್ಟೆ.

ಎರಡು ಓಣಿ ಆಚೆ ಒಂದು ಮನೆ ಇತ್ತು. ಮುದುಕಿ, ಕಚೇರಿಯಲ್ಲಿ ಕಾರಕೂನನಾಗಿದ್ದ ಮಗ, ಸೊಸೆ. ಮುದುಕಿಗೆ ಹೃದಯದ ರೋಗ. ಕಾಲು ಬಾತು, ಉಸಿರು ಹತ್ತುತ್ತಿತ್ತು. ಅವರಿಗೆ ಕೊಡುತ್ತಿದ್ದುದು ಕೆಮ್ಮು ನೆಗಡಿಯ ಔಷಧದಂಥದ್ದಲ್ಲ. ಅಳತೆಗಿಂತ ಕಡಿಮೆಯಾದರೆ ಗುಣವಿಲ್ಲ, ಹೆಚ್ಚಾದರೆ ಹೃದಯವನ್ನೇ ನಿಲ್ಲಿಸುವಂಥದ್ದು. ಚೀಟಿಯಲ್ಲಿ ಅದರ ಕೆಳಗೆ ಡಾಕ್ಟರು ಕೆಂಪು ಗೆರೆ ಎಳೆಯುತ್ತಿದ್ದರು. ಬಾಟಲಿಗೆ ಆರು ಗುರುತು, ದಿನಕ್ಕೆ ಮೂರು ಹೊತ್ತು, ಎರಡು ದಿನಕ್ಕೆ ಒಂದು ಬಾಟಲಿ.

ಬಾಟಲಿ ತರುತ್ತಿದ್ದವಳು ಸೊಸೆ. ನನ್ನ ವಯಸ್ಸಿನವಳೇ, ಬಿಜಾಪುರದ ಕಡೆಯ ಹಳ್ಳಿಯವಳು. ಒಂದು ದಿನ ಖಾಲಿ ಬಾಟಲಿ ತಂದಾಗ ನೋಡಿದೆ, ಪಟ್ಟಿ ಇಲ್ಲ. ಅಂಟಿನ ಕಲೆಯೂ ಇಲ್ಲ.

"ಅಕ್ಕಾರ, ಪಟ್ಟಿ ಎಲ್ಲಿ ಹೋತ್ರಿ?"

"ತೊಳಿಯೋ ಮುಂದ ಹೋತ್ರಿ."

"ತುಂಬಿದ ಬಾಟ್ಲಿ ಯಾಕ ತೊಳಿತೀರಿ?"

ಅವಳು ಕಿಟಕಿಯ ಕಟ್ಟೆಯನ್ನು ನೋಡುತ್ತಾ ಹೇಳಿದಳು. "ಹೊರಗಿಂದ ತಂದದ್ದು ನಳದ ಕೆಳಗ ಹಿಡದ ಒಳಗ ತರಬೇಕ್ರಿ. ಅತ್ತಿಯವರು ಹಂಗ ಹೇಳ್ಯಾರ. ಪಟ್ಟಿ ಕಿತ್ತು ಹೋಗ್ತದ. ನಾ ಅಂದಾಜಿಲೆ ಕೊಡ್ತೇನ್ರಿ. ಆರು ಪಾಲು ಅಂತ ಗೊತ್ತದಲ್ಲ."

ಹೊರಗಿನಿಂದ ತಂದದ್ದನ್ನೆಲ್ಲ ತೊಳೆಯುತ್ತಿದ್ದರೋ, ನನ್ನ ಕೈಯಿಂದ ಬಂದದ್ದನ್ನು ಮಾತ್ರ ತೊಳೆಯುತ್ತಿದ್ದರೋ ನಾನು ಕೇಳಲಿಲ್ಲ. ಕೇಳುವ ಅಗತ್ಯ ನನಗೆ ಕಾಣಲಿಲ್ಲ.

ನನ್ನ ಮೇಜಿನ ಮೇಲೆ, ಇಂಜೆಕ್ಷನ್ನಿನ ಗಾಜಿನ ಕೊಳವೆಯ ಕುತ್ತಿಗೆ ಕೊಯ್ಯುವ ಸಣ್ಣ ಅರ ಇತ್ತು. ಅದರಿಂದ ಬಾಟಲಿಯ ಗಾಜಿನ ಮೇಲೇ ಗೆರೆ ಹಾಕಿಬಿಟ್ಟಿದ್ದರೆ ಯಾವ ನೀರಿಗೂ ಹೋಗುತ್ತಿರಲಿಲ್ಲ. ಎರಡು ನಿಮಿಷದ ಕೆಲಸ. ಆ ವಿಚಾರ ಅದೇ ಗಳಿಗೆಯಲ್ಲಿ ಬಂದಿತ್ತು, ಆಮೇಲೆ ಹೊಳೆದದ್ದಲ್ಲ. ಬಂದದ್ದನ್ನು ಬದಿಗೆ ಸರಿಸಿದೆ. ನನ್ನ ಕೈ ತಾಗಿದ್ದನ್ನು ತೊಳೆಯುವವರಿಗೆ ನಾನೇಕೆ ಹೆಚ್ಚಿನ ಕೆಲಸ ಮಾಡಲಿ? ಮತ್ತೆ ಕಾಗದ ತೆಗೆದುಕೊಂಡು, ಎಂದಿಗಿಂತ ಚಂದ ಪಟ್ಟಿ ಕತ್ತರಿಸಿ, ಹಚ್ಚಿ, ಕಿಟಕಿಯಲ್ಲಿಟ್ಟೆ.

"ತಗೋರಿ. ತೊಳೀರಿ," ಅಂದೆ.

ಅವಳ ಮುಖ ಕೆಂಪಾಯಿತು. ಬಾಟಲಿ ಚೀಲಕ್ಕೆ ಹಾಕಿಕೊಂಡು ಹೋದಳು. ಆವತ್ತಿನಿಂದ ಆ ಮನೆಯ ಬಾಟಲಿ ಬಂದಾಗೆಲ್ಲ ನಾನು ಪಟ್ಟಿಯನ್ನು ಇನ್ನಷ್ಟು ನಾಜೂಕಾಗಿ ಕತ್ತರಿಸುತ್ತಿದ್ದೆ. ಅದು ನಳದ ಕೆಳಗೆ ಹೋಗುತ್ತದೆಂದು ಗೊತ್ತಿದ್ದು ಕತ್ತರಿಸುತ್ತಿದ್ದೆ. ಅದರಲ್ಲಿ ನನಗೊಂದು ಸುಖ ಇತ್ತು. ಡಾಕ್ಟರಿಗೆ ಹೇಳಲಿಲ್ಲ.

ಮಳೆಗಾಲದಲ್ಲಿ ಡಾಕ್ಟರು ಔಷಧ ಬದಲಿಸಿದರು. ಅದೇ ಔಷಧ, ಎರಡು ಪಟ್ಟು ಬಿರುಸು, ಆದರೆ ಒಂದು ಹೊತ್ತಿಗೆ ಮೊದಲಿನ ಅರ್ಧ. ಅದೇ ಬಾಟಲಿಗೆ ಈಗ ಹನ್ನೆರಡು ಗುರುತು. ಬಣ್ಣ ಅದೇ, ವಾಸನೆ ಅದೇ. ಆವತ್ತು ಬಾಟಲಿ ಒಯ್ಯಲು ಬಂದವನು ಮಗ. ಕಚೇರಿಯ ವೇಳೆ ಮೀರಿತ್ತೋ ಏನೋ, ಕಿಟಕಿಯ ಕಟ್ಟೆಯ ಮೇಲೆ ಬೆರಳು ಬಡಿಯುತ್ತ ನಿಂತಿದ್ದ.

"ಈ ಸಲ ಗುರುತು ನೋಡಿ ಕೊಡಬೇಕ್ರಿ," ಎಂದೆ.

"ಗೊತ್ತದ, ಗೊತ್ತದ. ಕೊಡು ಲಗೂ."

ಆ "ಕೊಡು" ನನಗೆ ನೆಟ್ಟಿತು. ಅವನು ನನಗಿಂತ ಐದಾರು ವರ್ಷಕ್ಕೆ ದೊಡ್ಡವನಿರಬಹುದು ಅಷ್ಟೇ. ಹನ್ನೆರಡು ಎಂಬ ಒಂದು ಶಬ್ದ ಬಾಯಿಯ ತುದಿಗೆ ಬಂದಿತ್ತು. ಪಟ್ಟಿಯಲ್ಲಿ ಹನ್ನೆರಡು ಹಲ್ಲು ಇವೆ, ಕಣ್ಣಿದ್ದವನು ನೋಡಿಕೊಳ್ಳಲಿ ಅಂದುಕೊಂಡೆ. ಬಾಟಲಿ ಕೊಟ್ಟೆ.

ಮೂರನೆಯ ದಿನ ಮುಂಜಾನೆ ಅವನೇ ಓಡಿ ಬಂದ. ಕೈಯಲ್ಲಿ ಬಾಟಲಿ. "ಡಾಕ್ಟರ, ಅವ್ವ ಒಂದೇ ಸಮನ ವಾಂತಿ ಮಾಡ್ಕೊಳ್ಳಿಕ್ಕೆ ಹತ್ಯಾಳ್ರಿ. ಗ್ವಾಡಿ ಎಲ್ಲಾ ಅರಿಷಿಣ ಕಾಣಸ್ತಾವ ಅಂತಾಳ್ರಿ. ಔಷಧನೂ ಮುಗದದ."

ನಾಲ್ಕು ದಿನದ ಔಷಧ ಅದು. ಎರಡು ದಿನಕ್ಕೆ ಮುಗಿದಿತ್ತು. ಡಾಕ್ಟರು ಖಾಲಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು, ನನ್ನ ಕಡೆ ನೋಡಿದರು, ಚೀಲ ಎತ್ತಿಕೊಂಡು ಅವನ ಹಿಂದೆ ಹೋದರು.

ಮರುದಿನ ಮಧ್ಯಾಹ್ನ ಮುದುಕಿ ತೀರಿಕೊಂಡಳು.

ಡಾಕ್ಟರು ಬಂದು ಕೈ ತೊಳೆದು ಕುರ್ಚಿಯಲ್ಲಿ ಕೂತು ನನ್ನನ್ನು ಕರೆದರು. "ಎಷ್ಟು ಗುರುತು ಹಾಕಿದ್ದಿ?"

"ಹನ್ನೆರಡು, ಸಾಹೇಬ್ರ."

ಅವರು ಅಂಗಿಯ ಕಿಸೆಯಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. ನನ್ನ ಪಟ್ಟಿ. ನೀರು ಕುಡಿದು ಒಣಗಿ ಸುಕ್ಕಾಗಿತ್ತು. "ನಳದ ಕಲ್ಲಿಗೆ ಹತ್ತಿಕೊಂಡಿತ್ತು. ಎಣಿಸಿ ನೋಡೇನಿ. ಹನ್ನೆರಡು ಬರೋಬರಿ ಅವ. ಅವರಿಗೂ ತೋರಿಸಿ ಬಂದೆ. ನಿಂದೇನೂ ತಪ್ಪಿಲ್ಲ. ಆ ಹುಡುಗಿ ಪಟ್ಟಿ ತೊಳದು, ಹಳೀ ಅಂದಾಜಿಲೆ ಕೊಟ್ಟಾಳ." ಪಟ್ಟಿಯನ್ನು ಮಡಿಸುತ್ತ, "ಮುದುಕಿ ಹೆಂಗೂ ಹೆಚ್ಚು ದಿನ ಇರತಿರಲಿಲ್ಲ," ಎಂದರು. ಅದನ್ನು ಅವರು ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

ನನಗೆ ಎರಡು ವರ್ಷ ತುಂಬಲು ಆಗ ಮೂರು ವಾರ ಉಳಿದಿತ್ತು. "ತಿಂಗಳಾ ಮುಗೀಲಿ, ಪತ್ರಾ ಬರದು ಕೊಡ್ತೇನಿ," ಎಂದು ಡಾಕ್ಟರು ತಾವಾಗಿಯೇ ಹೇಳಿದರು.

ಮುದುಕಿ ತೀರಿದ ಹದಿನಾಲ್ಕನೆಯ ದಿನವೋ ಹದಿನೈದನೆಯ ದಿನವೋ ಸೊಸೆ ಬಂದಳು. ಹೊರಗೆ ರೋಗಿಗಳು ಯಾರೂ ಇರಲಿಲ್ಲ, ಡಾಕ್ಟರು ಒಳಕೋಣೆಯಲ್ಲಿ ಪತ್ರಿಕೆ ಓದುತ್ತಿದ್ದರು. ಅವಳ ಕೈಯಲ್ಲಿ ಬಾಟಲಿ ಇರಲಿಲ್ಲ. ಕಿಟಕಿಗೆ ಬಗ್ಗಿ, ನನ್ನ ಮುಖ ಕಾಣುವ ಹಾಗೆ ನಿಂತಳು.

"ಒಂದು ಮಾತು ಕೇಳ್ಕೊಳ್ಳಿಕ್ಕೆ ಬಂದೇನ್ರಿ. ನಾನ ಅತ್ತಿಯವರನ್ನ ಕೊಂದೆ ಅಂತ ಮನ್ಯಾಗ ಎಲ್ಲಾರೂ ಅನ್ನಲಿಕ್ಕೆ ಹತ್ಯಾರ. ಬೇಕಂತ ಮಾಡಿದೆ ಅಂತಾರ. ಪಟ್ಟಿ ತೊಳದು ಹೋಗ್ತದ ಅಂತ ನಾ ನಿಮಗ ಮೊದಲ ಹೇಳಿದ್ದೆ. ಹೌದಲ್ರಿ?"

ನಾನು ತೊಳೆದಿಟ್ಟ ಅಳತೆಯ ಗಾಜನ್ನು ಮತ್ತೆ ಒರೆಸತೊಡಗಿದೆ.

"ಅಷ್ಟ ಹೇಳ್ರಿ ಡಾಕ್ಟರ ಮುಂದ. ಸುಳ್ಳು ಹೇಳ್ರಿ ಅನ್ನಂಗಿಲ್ಲ. ಹೇಳಿದ್ಲು ಅಂತ ಅಷ್ಟ. ನಾ ಮುಚ್ಚಿ ಇಟ್ಟಿಲ್ಲ ಅಂತ ಅವರಿಗೆ ತಿಳದ್ರ ಸಾಕು."

"ತೊಳದವರು ಯಾರ್ರಿ?" ಅಂದೆ. ಅದು ನನ್ನ ಬಾಯಿಯಿಂದ ಹೊರಟಿದ್ದಕ್ಕೆ ನನಗೇ ಆಶ್ಚರ್ಯ.

"ನಾನ. ತೊಳಿ ಅಂದವರು ಸತ್ತು ಹೋದ್ರು."

"ನಾ ಹೇಳಿದ್ರ ನನ್ನ ಪತ್ರಾ ಹೋಗತೈತ್ರಿ. ಗೊತ್ತಿದ್ದೂ ಯಾಕ ಹೇಳಲಿಲ್ಲ ಅಂತ ಮೊದಲ ನನ್ನ ಕೇಳತಾರ. ಎರಡು ವರ್ಷ ದುಡದೇನಿ."

"ನೀವು ಗಂಡಸರು. ಈ ದವಾಖಾನಿ ಇಲ್ಲಾಂದ್ರ ಇನ್ನೊಂದು ದವಾಖಾನಿ. ನನಗ ಇನ್ನೊಂದು ಮನಿ ಎಲ್ಲದರಿ?"

ಅವಳು ಅಳುತ್ತಿರಲಿಲ್ಲ. ಲೆಕ್ಕ ಬಿಡಿಸಿ ತೋರಿಸುವವರ ಹಾಗೆ ಕೇಳಿದಳು. ಆ ಎರಡು ವರ್ಷದಲ್ಲಿ ಆ ಓಣಿಯವರು ಯಾರಾದರೂ ಆ ಕಿಟಕಿಯಲ್ಲಿ ನನ್ನ ಮುಖ ನೋಡಿ ಇಷ್ಟು ಹೊತ್ತು ಮಾತಾಡಿದ್ದರೆ ಅದು ಅವಳೊಬ್ಬಳೇ.

ಒಳಗಿನಿಂದ ಡಾಕ್ಟರು ಕೂಗಿದರು, "ಯಾರಪಾ ಅದು?"

ಅವಳು ನನ್ನ ಕಡೆ ನೋಡಿದಳು.

"ಯಾರೂ ಇಲ್ಲರಿ ಸಾಹೇಬ್ರ," ಅಂದೆ.

ಅವಳು ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದಳು.

ತಿಂಗಳ ಕೊನೆಗೆ ಡಾಕ್ಟರು ಪತ್ರ ಬರೆದುಕೊಟ್ಟರು. ಎರಡು ವರ್ಷ ನನ್ನ ಕೈಕೆಳಗೆ ಔಷಧ ಕೂಡಿಸಿದ್ದಾನೆ, ಪ್ರಾಮಾಣಿಕ, ಕೆಲಸದಲ್ಲಿ ಕಾಳಜಿ ಉಳ್ಳವನು, ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿಸಿ ಕೆಳಗೆ ಸಹಿ. ನನಗೆ ಅರ್ಥವಾಗದ ಶಬ್ದಗಳನ್ನು ಅವರೇ ಓದಿ ಹೇಳಿದರು. "ಕಾಳಜಿ" ಎನ್ನುವಲ್ಲಿ ಅವರ ಬೆರಳು ಸ್ವಲ್ಪ ಹೊತ್ತು ನಿಂತಿತ್ತು. ಇನ್ನೊಬ್ಬ ಆಳು ಸಿಗುವವರೆಗೆ ಇರು ಅಂದರು, ಇದ್ದೆ.

ಅದೇ ವಾರ, ಒಂದು ಬೆಳಿಗ್ಗೆ ಧಾರವಾಡ ಸ್ಟೇಷನ್ನಿನಲ್ಲಿ ರೈಲು ಇಳಿಯುವಾಗ ಅವಳನ್ನು ನೋಡಿದೆ. ಹಸಿರು ಬಣ್ಣದ ಟ್ರಂಕಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವಳ ಹಾಗೆಯೇ ಮೂಗಿದ್ದ ಒಬ್ಬ ಹುಡುಗ, ತಮ್ಮನಿರಬೇಕು, ಟಿಕೆಟ್ಟನ್ನು ತಿರುವಿ ತಿರುವಿ ನೋಡುತ್ತಿದ್ದ. ಗಂಡ ಇರಲಿಲ್ಲ. ಹಬ್ಬಕ್ಕೆ ತವರಿಗೆ ಹೋಗುವವರು ಟ್ರಂಕು ಒಯ್ಯುವುದಿಲ್ಲ. ಅವಳು ನನ್ನನ್ನು ನೋಡಿದಳು. ಮುಖ ತಿರುಗಿಸಲಿಲ್ಲ. ನಾನೇ ತಿರುಗಿಸಿದೆ. ಆ ಕಾರಕೂನ ಮುಂದಿನ ವರ್ಷ ಇನ್ನೊಂದು ಮದುವೆಯಾದ ಎಂದು ಡಾಕ್ಟರ ಮನೆಯ ಕೆಲಸದ ಹೆಂಗಸು ಹೇಳಿದ್ದು ಕಿವಿಗೆ ಬಿತ್ತು.

ಪತ್ರ ತೋರಿಸಲು ದುರ್ಗದಬೈಲಿನ ಅಟ್ಟ ಹತ್ತಿದೆ. ಮಾಸ್ತರರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಬೆನ್ನು ತಟ್ಟಿದರು. ಪತ್ರ ತಂದ ಪ್ರತಿಯೊಬ್ಬನಿಗೂ ಅವರು ಒಂದು ಚೇಷ್ಟೆ ಮಾಡುತ್ತಿದ್ದರಂತೆ. ನನಗೂ ಮಾಡಿದರು.

"ಎರಡು ವರ್ಷದಾಗ ಎಷ್ಟು ಮಂದಿನ್ನ ಕೊಂದಿ, ಖರೇ ಹೇಳು!"

ಅಟ್ಟದ ಮೇಲಿದ್ದ ಹೊಸ ಹುಡುಗರೆಲ್ಲ ನಕ್ಕರು.

"ಒಬ್ಬರನ್ನೂ ಇಲ್ರಿ ಮಾಸ್ತರ," ಎಂದೆ. ನಾನೂ ನಕ್ಕೆ.

ನಮ್ಮ ಒಂಬತ್ತು ಜನರಲ್ಲಿ ಪತ್ರ ಸಿಕ್ಕಿದ್ದು ನನ್ನನ್ನೂ ಸೇರಿಸಿ ಇಬ್ಬರಿಗೆ. ಉಳಿದವರಲ್ಲಿ ಮೂವರು ಔಷಧದ ಅಂಗಡಿಯಲ್ಲಿ ಪೊಟ್ಟಣ ಕಟ್ಟುವವರಾದರು. ಒಬ್ಬ ಗಿರಣಿ ಸೇರಿದ. ಒಬ್ಬ ಹಳ್ಳಿಯಲ್ಲಿ ಸೂಜಿ ಚುಚ್ಚುತ್ತಾ ಡಾಕ್ಟರ್ ಅನ್ನಿಸಿಕೊಂಡು, ಯಾರದೋ ತೋಳಿಗೆ ಕೀವು ಹಿಡಿಸಿ ಊರು ಬಿಟ್ಟ. ಇಬ್ಬರ ಸುದ್ದಿ ತಿಳಿಯಲಿಲ್ಲ. ನಾನು ಅರ್ಜಿ ಹಾಕಿದ ಎರಡನೆಯ ಜಾಗದಲ್ಲೇ, ಒಂದು ತಾಲೂಕು ದವಾಖಾನೆಯಲ್ಲಿ, ಕೆಲಸ ಸಿಕ್ಕಿತು. ಸಂದರ್ಶನ ಮಾಡಿದವರು ಆ ಪತ್ರವನ್ನಷ್ಟೇ ಓದಿದರು. ನನ್ನನ್ನು ಏನೂ ಕೇಳಲಿಲ್ಲ.

ಅಲ್ಲಿ ಮೊದಲ ದಿನದಿಂದಲೇ ನಾನು ಪಟ್ಟಿ ಹಚ್ಚುವುದರ ಜೊತೆಗೆ ಅರದಿಂದ ಗಾಜಿನ ಮೇಲೂ ಗೆರೆ ಎಳೆಯತೊಡಗಿದೆ. ಮೇಲಿನ ಕಂಪೌಂಡರ್ ಬೈದರು. "ಯಾಂವ ಕಲಿಸ್ಯಾನ ನಿನಗ ಇದನ್ನ? ಮಂದಿ ಬಾಟ್ಲಿ ಕೆಡಸ್ತಿ." ಯಾರೂ ಕಲಿಸಿಲ್ಲ ಅಂದೆ. ಗುಳಿಗೆಗಳು ಬಂದು ಬಾಟಲಿಗಳು ಹೋಗುವವರೆಗೂ ಎಳೆದೆ. ಅದರಿಂದ ಯಾರಿಗೆ ಏನು ತಪ್ಪಿತು ಎಂದು ನಾನು ಹೇಳಲಾರೆ. ಬಿಜಾಪುರದ ಕಡೆಯ ಆ ಸೊಸೆಯ ಹಳ್ಳಿಯ ಹೆಸರು ನನಗೆ ಗೊತ್ತಿತ್ತು, ಅವಳ ತವರಿನವರಿಗೆ ಬರೆದ ಡಾಕ್ಟರ ಚೀಟಿಯಲ್ಲಿ ಒಮ್ಮೆ ನೋಡಿದ್ದೆ. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಹೋಗಲಿಲ್ಲ. ಹೋಗಿ ಏನು ಹೇಳಬೇಕೆಂದು ಗೊತ್ತಿಲ್ಲದೆ ಹೋಗಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಖರೇ ಅಂದರೆ, ಏನು ಹೇಳಬೇಕೆಂಬುದು ಚೆನ್ನಾಗಿ ಗೊತ್ತಿತ್ತು.

ನನ್ನ ಜೀವನದಲ್ಲಿ ಬಂದದ್ದೆಲ್ಲ ಆ ಪತ್ರದ ಮೇಲೆ ಬಂದದ್ದು. ಈಗ ನನ್ನ ಹತ್ತಿರ ಇರುವುದು ಇಷ್ಟು: ಮೂವತ್ತನಾಲ್ಕು ವರ್ಷದ ನೌಕರಿಯ ಪೆನ್ಶನ್. ನವನಗರದಲ್ಲಿ ಎರಡು ಕೋಣೆ, ಒಂದು ಅಡಿಗೆಮನೆ. ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಸಾಲಿಯಲ್ಲಿ ಕಲಿಸುತ್ತಾರೆ. ಒಂದು ಸೈಕಲ್ಲು. ಎರಡು ಕನ್ನಡಕ, ಒಂದು ದೂರಕ್ಕೆ, ಒಂದು ಓದಲು. ಹೆಂಡತಿ ಇಲ್ಲ, ತೀರಿ ನಾಲ್ಕು ವರ್ಷವಾಯಿತು.